ಜಗಲಿ ಇಳಿಯುವ ಹೊತ್ತು

ಚಿತ್ರ ಬರೆಯುವ ಮಕ್ಕಳನ್ನು ಗಮನಿಸಿದ್ದೀರಾ? ಕೊನೆಯ ಗೆರೆ ಎಳೆದದ್ದೇ ತಡ, ಹಾಳೆ ಎತ್ತಿಕೊಂಡು ಓಡುತ್ತವೆ. ಅಡುಗೆಮನೆಗೋ, ಹಿತ್ತಿಲಿಗೋ, ಪೇಪರು ಓದುತ್ತ ಕೂತ ಅಜ್ಜನ ಕುರ್ಚಿಯ ಹತ್ತಿರಕ್ಕೋ. ಯಾರಾದರೊಬ್ಬರು ನೋಡಿ "ಓ, ಆನೆ ಬರೆದಿದ್ದೀಯಾ!" ಎನ್ನುವ ತನಕ ಆ ಚಿತ್ರ ಮುಗಿದ ಲೆಕ್ಕವಿಲ್ಲ. ಹಾಡುವವರಿಗೆ ಈ ಕಷ್ಟವಿಲ್ಲ; ಬಚ್ಚಲುಮನೆಯಲ್ಲಿ ಹಾಡಿದರೂ ನಾಲ್ಕು ಮನೆಗೆ ಕೇಳುತ್ತದೆ. ಚಿತ್ರವನ್ನು ಮಾತ್ರ ಒಯ್ದು ತೋರಿಸಬೇಕು. ದೊಡ್ಡವರಾದ ಮೇಲೂ ಈ ಆಸೆ ಹೋಗುವುದಿಲ್ಲ, ತೋರಿಸುವ ಜಾಗ ಬದಲಾಗುತ್ತದೆ ಅಷ್ಟೆ.

ಹಿಂದೆ ಆ ಜಾಗ ಹೆಚ್ಚಾಗಿ ಊರಿನ ಡ್ರಾಯಿಂಗ್ ಮೇಷ್ಟರ ಮನೆಯಾಗಿರುತ್ತಿತ್ತು. ಅದೃಷ್ಟವಂತರಿಗೆ ಧಾರವಾಡದಲ್ಲಿ ಹಾಲಭಾವಿಯವರ ಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರ ಕೆನ್ ಕಲಾಶಾಲೆ ಸಿಕ್ಕಿತು. ಅಲ್ಲಿ ಕಲಿತವರನ್ನು ಮಾತಿಗೆಳೆದು ನೋಡಿ. ಯಾವ ಬಣ್ಣಕ್ಕೆ ಯಾವ ಬಣ್ಣ ಬೆರೆಸಬೇಕೆಂಬ ಪಾಠಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಕೂತು ಬರೆಯುತ್ತಿದ್ದವನ ಹೆಸರು, ಅವನ ಗೆರೆಯ ವೇಗ, ಸಂಜೆಯ ಚಹಾ, ಜಗಳ, ಇವೇ ಮೊದಲು ಹೊರಬರುತ್ತವೆ. ಶಾಲೆಯಲ್ಲಿ ವಿದ್ಯೆ ಸಿಗುತ್ತದೆ ನಿಜ. ಜೊತೆ ಸಿಗುವುದು ಅದಕ್ಕಿಂತ ದೊಡ್ಡ ಲಾಭ.

ಇಂಥ ಜಾಗವೇ ಇಲ್ಲದ ಊರುಗಳ ಗತಿ? ಅಲ್ಲಿಯ ಹುಡುಗ ಹುಡುಗಿಯರು ಹಾಳೆ ಹಿಡಿದು ಎಲ್ಲಿಗೆ ಓಡಬೇಕು? ಅವರಿಗೆಂದೇ ಎಂಬಂತೆ 2000ನೇ ಇಸವಿಯ ಆಗಸ್ಟ್ 7ರಂದು ಒಂದು ಜಗಲಿ ತೆರೆಯಿತು. ಹೆಸರು ಡೀವಿಯಂಟ್‌ಆರ್ಟ್. ತೆರೆದವರು ಅಮೆರಿಕದ ಆಂಜೆಲೊ ಸೊಟಿರಾ, ಸ್ಕಾಟ್ ಜಾರ್ಕಾಫ್, ಮ್ಯಾಥ್ಯೂ ಸ್ಟೀಫನ್ಸ್. ಶುರುವಿನಲ್ಲಿ ಅದು ಪೂರಾ ಚಿತ್ರಕಾರರ ಜಾಗವೂ ಆಗಿರಲಿಲ್ಲ. ವಿನ್‌ಆಂಪ್ ನೆನಪಿದೆಯೇ? ಕಂಪ್ಯೂಟರಿನಲ್ಲಿ ಹಾಡು ಹಾಕುತ್ತಿದ್ದ ಆ ಪುಟ್ಟ ಪೆಟ್ಟಿಗೆ? ಅದಕ್ಕೆ ಬೇರೆ ಬೇರೆ ವೇಷ ತೊಡಿಸುವುದು ಆ ಕಾಲದ ಹುಡುಗರ ಹುಚ್ಚು. ಮರದ ರೇಡಿಯೋದಂತೆ ಕಾಣಿಸುವ ವೇಷ, ಆಕಾಶನೌಕೆಯಂತೆ ಕಾಣಿಸುವ ವೇಷ. ಸ್ಕಿನ್ ಎಂದು ಕರೆಯುತ್ತಿದ್ದ ಆ ವೇಷಗಳನ್ನು ಹಂಚಿಕೊಳ್ಳಲು ಬಂದವರ ಹಿಂದೆಯೇ ಪೆನ್ಸಿಲಿನವರು, ಜಲವರ್ಣದವರು, ಛಾಯಾಗ್ರಾಹಕರು, ಕವಿತೆಯವರು ಎಲ್ಲರೂ ಬಂದು ಕೂತರು.

ಅಲ್ಲಿಯ ಒಂದು ಪದ್ಧತಿ ನನಗೆ ಬಹಳ ಇಷ್ಟ. ಅಲ್ಲಿ ಒಬ್ಬರಿಗೊಬ್ಬರು ಲಾಮಾ ಕೊಡುತ್ತಾರೆ. ಲಾಮಾ ಎಂದರೆ ದಕ್ಷಿಣ ಅಮೆರಿಕದ ಆ ಉಣ್ಣೆಯ ಪ್ರಾಣಿ; ಇಲ್ಲಿ ಅದು ಬೆರಳುಗುರಿನಷ್ಟು ಚಿಕ್ಕದೊಂದು ಬಿಲ್ಲೆ. ಒಬ್ಬರಿಗೆ ಒಮ್ಮೆ ಮಾತ್ರ ಕೊಡಬಹುದು. ಪಡೆದ ಲಾಮಾಗಳು ಹೆಚ್ಚಿದಂತೆ ಬಿಲ್ಲೆಯ ರೂಪ ಬದಲಾಗುತ್ತ ಹೋಗುತ್ತದೆ. ಇದರಿಂದ ದುಡ್ಡು ಹುಟ್ಟುವುದಿಲ್ಲ, ಪದವಿ ಬರುವುದಿಲ್ಲ. ಆದರೂ ಭೂಮಿಯ ಆಚೆ ಬದಿಯ ಯಾರೋ ಅಪರಿಚಿತರು ತಮ್ಮ ಪಾಲಿನ ಲಾಮಾವನ್ನು ನಮಗೆ ಕೊಟ್ಟಿದ್ದಾರೆ ಎಂದರೆ ಹದಿನಾಲ್ಕರ ಹುಡುಗಿಗೆ ಅಂದು ರಾತ್ರಿ ನಿದ್ದೆ ಬರುತ್ತದೆಯೇ? ಇನ್ನೊಂದು ಚಿತ್ರ ಬರೆಯದೆ ಮಲಗುವುದು ಸಾಧ್ಯವೇ? ಕಲಿಕೆಯ ಮೊದಲ ವರ್ಷಗಳಲ್ಲಿ ಬೇಕಾದದ್ದು ಇದೇ. ಇನ್ನೊಂದು ಬರೆಯಬೇಕು ಎನ್ನಿಸುವ ಕಾರಣ. ತಪ್ಪು ತಿದ್ದುವುದು ಆಮೇಲೆ ಬರಲಿ. ಮೊದಲು ನೂರು ಕೈ, ನೂರು ಕಾಲು, ನೂರು ಮೂಗು ಬರೆದು ಹಾಕುವಷ್ಟು ಹುಮ್ಮಸ್ಸು ಬರಲಿ.

ಹಾಗೆ ಬರೆದು ಬರೆದು ದೊಡ್ಡವರಾದವರು ಬಹಳ ಮಂದಿ. ಹಾಲೆಂಡಿನ ಲೋಯಿಸ್ ವಾನ್ ಬಾರ್ಲ ಅವರನ್ನೇ ತೆಗೆದುಕೊಳ್ಳಿ. ಲೋಯಿಶ್ ಎಂಬ ಅವರ ಕಲಾನಾಮ ಕೇಳಿದರೆ ಡಿಜಿಟಲ್ ಚಿತ್ರ ಬರೆಯುವ ಹುಡುಗಿಯರು ಕಣ್ಣರಳಿಸುತ್ತಾರೆ. ಆ ಜಗಲಿಯ ಮೊದಮೊದಲ ವರ್ಷಗಳಲ್ಲೇ ಹೋಗಿ ಕೂತವರು ಆಕೆ. ಬಳುಕುವ ಗೆರೆ, ಹಾರುವ ಕೂದಲು, ಕೆನ್ನೆಯ ಮೇಲೆ ಸಂಜೆಯ ಬಣ್ಣ. ನೋಡಿದ ಕೂಡಲೇ ಅವರದೆಂದು ತಿಳಿಯುತ್ತದೆ. ಅದರ ಜೊತೆಗೇ ಅನಿಮೇಷನ್ ಓದಿ 2009ರಲ್ಲಿ ಪದವಿ ಪಡೆದರು, ಕಂಪನಿಗಳಿಗೆ ಕೆಲಸ ಮಾಡತೊಡಗಿದರು. 2017ರಲ್ಲಿ ಬಂದ ಹೊರೈಜನ್ ಝೀರೊ ಡಾನ್ ಎಂಬ ವಿಡಿಯೊ ಗೇಮಿನ ಕೆಂಗೂದಲ ನಾಯಕಿ ಏಲಾಯ್‌ಳ ರೂಪ ಕಟ್ಟುವುದರಲ್ಲಿ ಅವರ ಕೈಯೂ ಇದೆ. ತಮ್ಮ ಚಿತ್ರಗಳ ಪುಸ್ತಕ ತರಬೇಕೆಂದಾಗ ಓದುಗರಿಂದಲೇ ಮುಂಗಡ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ದಾರಿ ಹಿಡಿದರು, ಹಣ ಹರಿದು ಬಂತು. ಕೊಟ್ಟವರು ಯಾರು? ವರ್ಷಗಟ್ಟಲೆ ಆಕೆಯ ಚಿತ್ರಗಳನ್ನು ನೋಡುತ್ತ ಬೆಳೆದ ಅಭಿಮಾನಿಗಳು. ಜಗಲಿಯಲ್ಲಿ ಕೂತು ಕಳೆದ ಹೊತ್ತು ವ್ಯರ್ಥವಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಆದರೆ ಒಂದು ದಿನ ಜಗಲಿ ಇಳಿಯುವ ಹೊತ್ತು ಬರುತ್ತದೆ. ಚಿತ್ರ ಹಾಕುತ್ತೀರಿ, "ಅದ್ಭುತ!" ಎನ್ನುತ್ತಾರೆ. ಮತ್ತೊಂದು ಹಾಕುತ್ತೀರಿ, ಮತ್ತೆ "ಅದ್ಭುತ!" ನಿಮಗೇ ಗೊತ್ತು, ಮೊದಲನೆಯದರಲ್ಲಿ ಭುಜ ಕಿತ್ತು ಬಂದಂತಿದೆ, ಎರಡನೆಯದರಲ್ಲಿ ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಸೂರ್ಯನಿಗೂ ತಿಳಿಯದು. ಹೊಗಳಿಕೆ ಸುಳ್ಳಲ್ಲ, ಹೊಗಳಿದವರ ಪ್ರೀತಿಯೂ ಸುಳ್ಳಲ್ಲ. ಆದರೆ ನಿಮಗೆ ಈಗ ಬೇಕಾದ ಮಾತು ಅದಲ್ಲ. "ಈ ಭುಜ ಸರಿಯಿಲ್ಲ, ನಾಳೆ ಬೆಳಿಗ್ಗೆ ಹತ್ತಕ್ಕೆ ತಿದ್ದಿ ಕೊಡಿ" ಎನ್ನುವವರು ಬೇಕು. ತಿದ್ದಿ ಕೊಟ್ಟದ್ದಕ್ಕೆ ಹಣ ಕೊಡುವವರೂ ಬೇಕು. ಮನೆ ಬಾಡಿಗೆಗೆ ಲಾಮಾ ಆಗುವುದಿಲ್ಲವಲ್ಲ!

ನನಗೆ ಗೊತ್ತಿರುವ ಮಲೆನಾಡಿನ ಹುಡುಗಿಯೊಬ್ಬಳ ಮಾತು ಹೇಳುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬಾರದ ಊರು. ಕರೆಂಟು ಬಂದ ಗಳಿಗೆಯಲ್ಲೇ ಚಿತ್ರ ಏರಿಸಿ, ನಡುರಾತ್ರಿ ಎದ್ದು ಬ್ರೆಜಿಲ್‌ನವರು, ಪೋಲೆಂಡ್‌ನವರು ಏನು ಬರೆದಿದ್ದಾರೆಂದು ನೋಡುತ್ತಿದ್ದಳು. ಈಗ ಬೆಂಗಳೂರಿನ ಗೇಮ್ ಸ್ಟುಡಿಯೊ ಒಂದರಲ್ಲಿ ಕಾನ್ಸೆಪ್ಟ್ ಆರ್ಟಿಸ್ಟ್. ಸೇರಿದ ಹೊಸತರಲ್ಲಿ ಅವಳಿಗೆ ಸಿಕ್ಕ ಕೆಲಸವೇನು ಗೊತ್ತೇ? ರಾಜಕುಮಾರಿಯರಲ್ಲ, ಡ್ರ್ಯಾಗನ್‌ಗಳೂ ಅಲ್ಲ. ಬಾಗಿಲು, ದೀಪ, ಪೀಪಾಯಿ, ಮತ್ತೆ ಬಾಗಿಲು. ಒಂದು ಬಾಗಿಲಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ಕಪ್ಪು ಬಿಳುಪು ಕರಡುಗಳನ್ನು ಸಾಲಾಗಿ ಬರೆಯಬೇಕು. ಕಲಾ ನಿರ್ದೇಶಕರು ಅದರಲ್ಲಿ ಒಂದನ್ನು ಆರಿಸುತ್ತಾರೆ. ಆರಿಸಿದ್ದನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಅಳತೆ ತಪ್ಪದಂತೆ ಬಿಡಿಸಬೇಕು. ಏಕೆಂದರೆ ಅದನ್ನು ನೋಡಿಕೊಂಡು ಇನ್ನೊಬ್ಬರು ತ್ರೀಡಿ ಮಾದರಿ ಕಟ್ಟಬೇಕು. ಹಿಂಜು ಎಲ್ಲಿದೆ, ಚಿಲಕ ಯಾವ ಕಡೆಗೆ ತಿರುಗುತ್ತದೆ, ಹಲಗೆ ಎಷ್ಟು ದಪ್ಪ, ಎಲ್ಲ ಕಾಣಬೇಕು. "ಬಾಗಿಲು ಬರೆಯುತ್ತ ಬರೆಯುತ್ತ ನಮ್ಮ ಮನೆಯ ಬಾಗಿಲನ್ನೇ ನಾನು ಸರಿಯಾಗಿ ನೋಡಿರಲಿಲ್ಲ ಎಂದು ತಿಳಿಯಿತು" ಎಂದಳು. ಎಂಥ ಒಳ್ಳೆಯ ಮಾತು! ಚಿತ್ರಕಲೆಯಲ್ಲಿ ಅರ್ಧ ವಿದ್ಯೆ ನೋಡುವುದೇ.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಕೆಲಸಕ್ಕೆ ಸೇರಿದ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಎನ್‌ಡಿಎ ಎಂದು ಕರೆಯುವ ಗೌಪ್ಯತೆಯ ಕರಾರು. ಗೇಮ್ ಬಿಡುಗಡೆಯಾಗುವ ತನಕ, ಕೆಲವೊಮ್ಮೆ ಅದಾದ ಮೇಲೂ, ಬರೆದದ್ದನ್ನು ಯಾರಿಗೂ ತೋರಿಸುವಂತಿಲ್ಲ. ಯೋಚಿಸಿ ನೋಡಿ. ಇಷ್ಟು ವರ್ಷ ಬರೆದದ್ದನ್ನೆಲ್ಲ ಅದೇ ರಾತ್ರಿ ಲೋಕಕ್ಕೆ ತೋರಿಸಿದ ಹುಡುಗಿ, ಜೀವನದಲ್ಲೇ ಅತ್ಯುತ್ತಮ ಕೆಲಸ ಮಾಡುತ್ತಿರುವಾಗ ಬಾಯಿ ಮುಚ್ಚಿಕೊಂಡಿರಬೇಕು! ಹಳೆಯ ಗೆಳೆಯರಿಗೆ ಇದು ಗೊತ್ತಾಗುವ ಬಗೆ ಹೇಗೆ? ಅವರಿಗೆ ಕಾಣುವುದು ಖಾಲಿ ಪುಟ. "ದೊಡ್ಡವಳಾದಳು, ನಮ್ಮನ್ನು ಮರೆತಳು" ಎನ್ನುತ್ತಾರೆ. ಎಷ್ಟೋ ಕಲಾವಿದರು ಬಳಗವನ್ನು ತೊರೆದು ಹೋದರು ಎಂದು ನಾವು ತಿಳಿಯುವುದು ಹೀಗೆಯೇ. ನಿಜವಾಗಿ ಅವರು ಎಲ್ಲಿಗೂ ಹೋಗಿರುವುದಿಲ್ಲ, ಮೇಜಿನ ಮುಂದೆ ಕೂತು ಬಾಗಿಲು ಬರೆಯುತ್ತಿರುತ್ತಾರೆ.

ಕಸುಬಿನ ಮಾತು ಬಂತಲ್ಲ, ಪುಸ್ತಕದ ಮುಖಪುಟದ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸ್ವಂತ ಖುಷಿಗೆ ಬರೆಯುವಾಗ ಆಕಾಶವೆಲ್ಲ ನಿಮ್ಮದು. ಮುಖಪುಟಕ್ಕೆ ಬರೆಯುವಾಗ ಆ ಆಕಾಶದಲ್ಲಿ ಪುಸ್ತಕದ ಹೆಸರು ಕೂರಬೇಕು, ಲೇಖಕರ ಹೆಸರು ಕೂರಬೇಕು, ಬೆನ್ನಿಗೆ ಜಾಗ ಬಿಡಬೇಕು, ಕತ್ತರಿಸುವಾಗ ಹೋಗುವ ಅಂಚನ್ನು ಲೆಕ್ಕ ಹಾಕಬೇಕು. ಅದರಲ್ಲೂ ನಮ್ಮ ಕನ್ನಡದ ಅಕ್ಷರಗಳು! ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಕೊಂಬು ಬಲಕ್ಕೆ ಚಾಚುತ್ತದೆ, ಎರಡು ಸಾಲಿನ ಶೀರ್ಷಿಕೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಂಗ್ಲಿಷ್ ಪುಸ್ತಕಕ್ಕೆ ಸಾಕಾಗುವ ಜಾಗ ಕನ್ನಡಕ್ಕೆ ಸಾಲದು. ಇದನ್ನು ಯಾವ ಅಭಿಮಾನಿಯೂ ಹೇಳಿಕೊಡುವುದಿಲ್ಲ. ಪ್ರಕಾಶಕರು ಒಮ್ಮೆ ಚಿತ್ರ ವಾಪಸು ಕಳಿಸಿದರೆ ಜನ್ಮಕ್ಕೆ ಮರೆಯುವುದಿಲ್ಲ. ಸುಧಾ, ಮಯೂರಗಳನ್ನು ಓದುತ್ತ ಬೆಳೆದವರಿಗೆ ಜಿ.ಕೆ. ಸತ್ಯ, ಚಂದ್ರನಾಥ ಆಚಾರ್ಯ ಅವರ ರೇಖೆಗಳು ಕತೆಯ ಜೊತೆಗೇ ನೆನಪಿಗೆ ಬರುತ್ತವೆ ಅಲ್ಲವೇ? ಗಡುವಿನೊಳಗೆ, ಸಂಪಾದಕರು ಕೊಟ್ಟ ಅಂಗುಲಗಳೊಳಗೆ ಅರಳಿದ ಕಲೆ ಅದು. ಅಷ್ಟು ಇಕ್ಕಟ್ಟಿನಲ್ಲಿ ಅರಳಿತೆಂದು ಅದರ ಬೆಲೆ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ.

ಹೀಗೆ ಹೇಳುವಾಗ ಕಲಬುರಗಿಯ ಎಸ್.ಎಂ. ಪಂಡಿತರು ನೆನಪಾಗುತ್ತಾರೆ. 1916ರಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ, ಸಿನಿಮಾ ಪೋಸ್ಟರು, ಫಿಲ್ಮ್‌ಇಂಡಿಯಾ ಪತ್ರಿಕೆಯ ಮುಖಪುಟ, ಕ್ಯಾಲೆಂಡರು ಎಲ್ಲವನ್ನೂ ಬರೆದವರು. ಅವರು ಬರೆದ ದೇವರುಗಳು ಎಷ್ಟು ಮನೆಗಳ ಗೋಡೆಯ ಮೇಲಿದ್ದವೋ! ಕಸುಬಿನ ಚಿತ್ರ, ಕಲೆಯ ಚಿತ್ರ ಎಂದು ನಡುವೆ ಗೋಡೆ ಕಟ್ಟುವವರು ಪಂಡಿತರ ಕೃತಿಗಳಲ್ಲಿ ಮೈಮೇಲೆ ಬೆಳಕು ಜಾರುವ ರೀತಿಯನ್ನು ಒಮ್ಮೆ ನೋಡಬೇಕು. ಗೋಡೆ ಎಲ್ಲಿ ಕಟ್ಟುವುದೆಂದು ತಿಳಿಯದೆ ಸುಮ್ಮನಾಗುತ್ತಾರೆ.

ಎಲ್ಲಿದ್ದೆವು? ಹೌದು, "ನಮ್ಮನ್ನು ಮರೆತಳು" ಎಂಬ ದೂರು. ಈ ದೂರು ಕಂಪ್ಯೂಟರಿಗಿಂತ ಬಹಳ ಹಳೆಯದು. ಪ್ಯಾರಿಸ್ಸಿಗೆ ಹೋಗೋಣ ಬನ್ನಿ. 1873ರ ಡಿಸೆಂಬರಿನಲ್ಲಿ ಮೋನೆ, ರೆನ್ವಾರ್, ಪಿಸ್ಸಾರೊ, ದೆಗಾ, ಸಿಸ್ಲೆ, ಬೆರ್ತ್ ಮೊರಿಸೊ ಮೊದಲಾದವರು ಸೇರಿ ಸಹಕಾರ ಸಂಘವೊಂದನ್ನು ಕಟ್ಟಿದರು. ಸರ್ಕಾರದ ಸಲೋನ್ ಪ್ರದರ್ಶನದ ತೀರ್ಪುಗಾರರ ಮುಂದೆ ಕೈಕಟ್ಟಿ ನಿಂತು ಸಾಕಾಗಿತ್ತು. 1874ರ ಏಪ್ರಿಲ್ 15ರಂದು, ಛಾಯಾಗ್ರಾಹಕ ನಾದಾರ್ ಬಿಟ್ಟುಕೊಟ್ಟಿದ್ದ ಹಳೆಯ ಸ್ಟುಡಿಯೊದಲ್ಲಿ ತಮ್ಮದೇ ಪ್ರದರ್ಶನ ತೆರೆದರು. ಪ್ರವೇಶ ಶುಲ್ಕ 1 ಫ್ರಾಂಕ್. ಒಂದು ತಿಂಗಳಲ್ಲಿ ಸುಮಾರು 3,500 ಜನ ಬಂದರು, ಹಲವರು ನಗಲಿಕ್ಕೆಂದೇ ಬಂದರು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಸದಸ್ಯರು ತಲಾ 184 ಫ್ರಾಂಕ್ 50 ಸಾಂತೀಮ್ ಸಂಘಕ್ಕೇ ಕೊಡಬೇಕಾಗಿ ಬಂತು. ಸಂಘ ಮುಚ್ಚಿತು, ಬಳಗ ಉಳಿಯಿತು. ಅದರ ಹೆಸರಿನಲ್ಲಿ 1886ರವರೆಗೆ ಒಟ್ಟು 8 ಪ್ರದರ್ಶನಗಳು ನಡೆದವು. ಇಂದು ಜಗತ್ತೆಲ್ಲ ಇಂಪ್ರೆಷನಿಸ್ಟರು ಎಂದು ತಲೆಯ ಮೇಲೆ ಹೊತ್ತುಕೊಂಡಿರುವುದು ಇವರನ್ನೇ.

ಬಳಗ ಉಳಿಯಿತು ಎಂದೆ. ಆದರೆ ಬಳಗದವರ ಹೊಟ್ಟೆ? ರೆನ್ವಾರ್ ದರ್ಜಿಯೊಬ್ಬರ ಮಗ, ಹುಡುಗನಾಗಿದ್ದಾಗ ಪಿಂಗಾಣಿಯ ಮೇಲೆ ಹೂ ಬರೆದು ಸಂಪಾದಿಸಿದವನು. ಅವನಿಗೆ ಭಾವಚಿತ್ರ ಬರೆಸುವ ಗಿರಾಕಿಗಳು ಬೇಕಿತ್ತು, ಗಿರಾಕಿಗಳು ನಂಬುತ್ತಿದ್ದುದು ಸಲೋನನ್ನು. ದೆಗಾನ ಹಟವೆಂದರೆ, ಸಲೋನಿಗೆ ಚಿತ್ರ ಕಳಿಸಿದವರಿಗೆ ನಮ್ಮ ಜೊತೆ ಜಾಗವಿಲ್ಲ. ರೆನ್ವಾರ್ ಸಲೋನಿನ ದಾರಿ ಹಿಡಿದ. ಅವನು ಬರೆದ ಶಾರ್ಪಾಂತಿಯೆ ಮನೆಯೊಡತಿ ಮತ್ತು ಮಕ್ಕಳ ಚಿತ್ರ 1879ರ ಸಲೋನಿನಲ್ಲಿ ಗೆದ್ದಿತು, ಗಿರಾಕಿಗಳು ಬಂದರು. ಮರುವರ್ಷ ಮೋನೆಯೂ ಹೊರಟ. ಅವನ ಹೆಂಡತಿ ಕಮೀಲ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದಳು, ಎರಡು ಮಕ್ಕಳು, ತಲೆಯ ತುಂಬ ಸಾಲ. ಅವನು ಸಲೋನಿಗೆ ಕಳಿಸುವ ಸುದ್ದಿ ಹಬ್ಬುತ್ತಲೇ 1880ರ ಜನವರಿಯಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಬಳಗದ ಪಾಲಿಗೆ ಮೋನೆ ತೀರಿಹೋದನೆಂಬಂತೆ ಅಣಕದ ಶ್ರಾದ್ಧಪತ್ರ ಅಚ್ಚಾಯಿತು! ಓದಿದರೆ ಇವತ್ತಿಗೂ ಕರುಳು ಚುರುಕ್ಕೆನ್ನುತ್ತದೆ. ಎರಡು ಚಿತ್ರ ಕಳಿಸಿದ್ದ. ಸಲೋನ್ ಒಪ್ಪಿದ್ದು ಒಂದನ್ನು. ಹಸಿದ ಮಕ್ಕಳ ತಂದೆ ಸಂತೆಗೆ ಹೋದರೆ ಅದು ದ್ರೋಹವೇ? ಆ ಬಳಗ ತನಗೆ ಕೊಟ್ಟದ್ದನ್ನೆಲ್ಲ ಮೋನೆ ತನ್ನ ಕುಂಚದಲ್ಲಿ ಹೊತ್ತುಕೊಂಡೇ ಹೋಗಿದ್ದ. ಅವನು ಮುಂದೆ ಬರೆದ ಹುಲ್ಲಿನ ಬಣವೆಗಳನ್ನು ನೋಡಿದವರಿಗೆ ಅದು ಗೊತ್ತು.

ಈ ಕತೆಯಲ್ಲಿ ನನ್ನ ಪ್ರೀತಿಯ ಮನುಷ್ಯ ಬೇರೊಬ್ಬನಿದ್ದಾನೆ. ಗುಸ್ತಾವ್ ಕಾಯ್ಬೊತ್. ಸ್ವತಃ ಒಳ್ಳೆಯ ಚಿತ್ರಕಾರ, ಅಪ್ಪನ ಆಸ್ತಿಯಿಂದ ಅನುಕೂಲಸ್ಥ. ಗೆಳೆಯರ ಚಿತ್ರಗಳನ್ನು ಯಾರೂ ಕೊಳ್ಳದ ಕಾಲದಲ್ಲಿ ತಾನು ಕೊಂಡ, ಮೋನೆಯ ಬಾಡಿಗೆ ಕಟ್ಟಿದ, ಪ್ರದರ್ಶನದ ಖರ್ಚು ಹೊತ್ತ. 1876ರಲ್ಲಿ, ಇನ್ನೂ 28ರ ಹರೆಯದಲ್ಲಿ, ಉಯಿಲು ಬರೆದಿಟ್ಟ: ತಾನು ಕೂಡಿಸಿದ ಗೆಳೆಯರ ಚಿತ್ರಗಳೆಲ್ಲ ಸರ್ಕಾರಕ್ಕೆ, ಆದರೆ ಅವನ್ನು ಅಟ್ಟಕ್ಕೆ ಹಾಕದೆ ಸಾರ್ವಜನಿಕ ವಸ್ತುಸಂಗ್ರಹಾಲಯದಲ್ಲಿ ತೂಗುಹಾಕಬೇಕು. 1894ರಲ್ಲಿ ಅವನು ತೀರಿಕೊಂಡಾಗ ಉಯಿಲು ಜಾರಿಗೆ ತರಲು ಓಡಾಡಿದವನು ಯಾರು ಗೊತ್ತೇ? ಸಲೋನಿಗೆ ಹೋದ ಅದೇ ರೆನ್ವಾರ್! ವರ್ಷಗಟ್ಟಲೆ ಅಧಿಕಾರಿಗಳ ಜೊತೆ ಹಗ್ಗಜಗ್ಗಾಟ ನಡೆದು ಕೊನೆಗೆ 60ಕ್ಕೂ ಹೆಚ್ಚಿನ ಕೃತಿಗಳಲ್ಲಿ ಸುಮಾರು 40 ಸರ್ಕಾರದ ಗೋಡೆ ಏರಿದವು. ಬಿಟ್ಟುಹೋದವನು ಮರೆತುಹೋದವನಲ್ಲ ಎಂದು ಹೇಳಲು ನನಗೆ ಇದಕ್ಕಿಂತ ದೊಡ್ಡ ದಾಖಲೆ ಬೇಡ.

ಮುಂಬಯಿಯಲ್ಲೂ ಇಂಥದೇ ಒಂದು ಬಳಗವಿತ್ತು. 1947ರಲ್ಲಿ ಸೋಜಾ, ರಜಾ, ಆರಾ, ಹುಸೇನ್, ಗಾಡೆ, ಬಾಕ್ರೆ ಎಂಬ ಆರು ಜನ ಸೇರಿ ಕಟ್ಟಿದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್. 1949ರಲ್ಲಿ ಪ್ರದರ್ಶನ ಮಾಡಿದರು. ಅದೇ ವರ್ಷ ಸೋಜಾ ಲಂಡನ್ನಿಗೆ ಹೊರಟರು, ಮರುವರ್ಷ ರಜಾ ಪ್ಯಾರಿಸ್ಸಿಗೆ. ಗಾಯ್ತೊಂಡೆ, ಕೃಷನ್ ಖನ್ನಾ ಮೊದಲಾದ ಹೊಸಬರು ಬಂದು ಸೇರಿದರೂ 1956ಕ್ಕೆ ಗುಂಪು ಮುಗಿಯಿತು. ಹತ್ತು ವರ್ಷವೂ ನಡೆಯಲಿಲ್ಲ! ಆದರೆ ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯನ್ನು ಅವರಿಲ್ಲದೆ ಬರೆಯಲಾದೀತೇ? ಬಳಗದ ಆಯುಷ್ಯವನ್ನು ವರ್ಷಗಳಲ್ಲಿ ಅಳೆಯಬಾರದು. ಅದರಿಂದ ಎದ್ದುಹೋದವರು ಎಷ್ಟು ದೂರ ನಡೆದರು ಎಂದು ನೋಡಬೇಕು.

ಆ ಆರು ಜನರಲ್ಲಿ ಕೆ.ಎಚ್. ಆರಾ ಬಗ್ಗೆ ಒಂದು ಮಾತು. ಮನೆಗೆಲಸ ಮಾಡಿ, ಕಾರು ತೊಳೆದು ಬದುಕಿದ ಮನುಷ್ಯ. ನಾಜಿಗಳ ಕಾಟಕ್ಕೆ ಯುರೋಪು ಬಿಟ್ಟು ಮುಂಬಯಿಗೆ ಬಂದಿದ್ದ ಲಾಂಗ್‌ಹ್ಯಾಮರ್ ಅವರಂಥವರು ಆರಾ ಅವರ ಚಿತ್ರ ನೋಡಿ ಬೆನ್ನು ತಟ್ಟಿದರು. ಜೊತೆಗಾರರು ಸಮುದ್ರ ದಾಟಿ ಹೋದಾಗ ಆರಾ ಮುಂಬಯಿಯಲ್ಲೇ ಉಳಿದರು. ಅಲ್ಲಿಯ ಆರ್ಟಿಸ್ಟ್ಸ್ ಸೆಂಟರಿನ ಕಾರ್ಯದರ್ಶಿಯಾಗಿ, ಪ್ರದರ್ಶನಕ್ಕೆ ಗೋಡೆ ಸಿಗದ ಹೊಸಬರಿಗೆ ಆಸರೆಯಾದರು. ಹೋದವರ ಹೆಸರು ಹರಾಜಿನ ಸುದ್ದಿಗಳಲ್ಲಿ ಬರುತ್ತದೆ. ಉಳಿದವರ ಹೆಸರು, ಅವರಿಂದ ಉಪಕಾರ ಪಡೆದವರ ಮಾತಿನಲ್ಲಿ ಬರುತ್ತದೆ. ಎರಡೂ ದೊಡ್ಡದೇ.

ನಮ್ಮ ಕೆ. ವೆಂಕಟಪ್ಪನವರನ್ನು ಬಿಟ್ಟರೆ ಈ ಮಾತು ಪೂರ್ತಿಯಾಗದು. 1886ರಲ್ಲಿ ಹುಟ್ಟಿದ ಮೈಸೂರು ಸಂಸ್ಥಾನದ ಹುಡುಗ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯನಾದ. ಜೊತೆಯಲ್ಲಿದ್ದವರು ನಂದಲಾಲ್ ಬೋಸರಂಥವರು. ಇಡೀ ದೇಶವೇ ಕತ್ತೆತ್ತಿ ನೋಡುತ್ತಿದ್ದ ಬಳಗ ಅದು. ಅಲ್ಲೇ ಇದ್ದಿದ್ದರೆ ಬಂಗಾಳ ಶೈಲಿಯ ದೊಡ್ಡ ಹೆಸರಾಗಿ ಸುಖವಾಗಿರಬಹುದಿತ್ತು. ಆದರೆ ಊರಿಗೆ ಮರಳಿದರು. ಊಟಿ, ಕೊಡೈಕೆನಾಲ್‌ಗಳ ಬೆಟ್ಟದ ಮಂಜನ್ನು, ಮಳೆ ಬರುವ ಮುಂಚಿನ ಆಕಾಶವನ್ನು ಕಣ್ಣಾರೆ ನೋಡಿ ನೋಡಿ ಜಲವರ್ಣದಲ್ಲಿ ಇಳಿಸಿದರು. ಗುರುಗಳ ಮನೆಯ ಕನಸಿನ ಬಣ್ಣಗಳಿಗೂ ಈ ಬೆಟ್ಟಗಳ ಬಣ್ಣಕ್ಕೂ ಬಹಳ ದೂರ. ನಡುವೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಕಲ್ಕತ್ತೆಯಲ್ಲಿ ಪಳಗಿದ ಕೈ ನಮ್ಮ ಬೆಟ್ಟಗಳನ್ನು ಕಂಡದ್ದು ಅವರು ಆ ಬಳಗದಿಂದ ಎದ್ದು ಬಂದದ್ದರಿಂದ ತಾನೆ? ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಹೋಗುವಾಗ ಅವರ ಹೆಸರಿನ ಗ್ಯಾಲರಿಯ ಒಳಗೆ ಒಮ್ಮೆ ಇಣುಕಿ.

ಬಳಗ ಬಿಡುವುದರಲ್ಲಿ ಇನ್ನೊಂದು ಬಗೆಯಿದೆ, ಅದು ನೋವಿನದು. ನಾವು ಬೆಳೆದು ಎದ್ದುಹೋಗುವುದು ಬೇರೆ. ಜಗಲಿಯೇ ಬದಲಾಗಿ ನಾವು ಎದ್ದುಹೋಗಬೇಕಾಗಿ ಬರುವುದು ಬೇರೆ. 2014ರಲ್ಲಿ ಸಿಜಿಹಬ್ ಎಂಬ ಕಲಾವಿದರ ತಾಣ ಇದ್ದಕ್ಕಿದ್ದಂತೆ ಮುಚ್ಚಿತು, ವರ್ಷಗಳ ಮಾತುಕತೆ ಅದರೊಂದಿಗೇ ಹೋಯಿತು. ಅದೇ ವರ್ಷ ಬಂದ ಆರ್ಟ್‌ಸ್ಟೇಷನ್‌ಗೆ ಕಸುಬಿನವರೆಲ್ಲ ಗುಳೆ ಹೋದರು. ಡೀವಿಯಂಟ್‌ಆರ್ಟ್ ಅನ್ನು 2017ರಲ್ಲಿ ವಿಕ್ಸ್ ಕಂಪನಿ 3.6 ಕೋಟಿ ಡಾಲರಿಗೆ ಕೊಂಡಿತು. 2022ರ ನವೆಂಬರಿನಲ್ಲಿ ಅಲ್ಲಿ ಡ್ರೀಮ್‌ಅಪ್ ಎಂಬ, ಎಐ ಚಿತ್ರ ಹೊಮ್ಮಿಸುವ ಯಂತ್ರ ಬಂತು. ಸದಸ್ಯರು ಹೃದಯ ಬಿಚ್ಚಿ ಹಾಕಿದ ಚಿತ್ರಗಳು ಎಐ ಕಲಿಕೆಗೆ ಮೇವಾಗದಿರಬೇಕೆಂದರೆ ಅವರೇ ಮುಂದೆ ಬಂದು ಬೇಡವೆನ್ನಬೇಕಿತ್ತು. ಕೂಗು ಎದ್ದಿತು, ನಿಯಮ ತಿರುಗಿತು, ಆದರೆ ಮುರಿದ ಮನಸ್ಸು ಅಷ್ಟು ಬೇಗ ಕೂಡುತ್ತದೆಯೇ? ಮರು ತಿಂಗಳೇ ಆರ್ಟ್‌ಸ್ಟೇಷನ್ನಿನಲ್ಲೂ ಸಾಲುಸಾಲಾಗಿ ಎಐ ಬೇಡವೆಂಬ ಫಲಕಗಳು ಎದ್ದು ನಿಂತವು. ಜಗಲಿಗೆ ಬೆಲೆ ಬರುವುದು ಅದರ ಮೇಲೆ ಕೂತವರಿಂದ. ಅವರನ್ನು ಕೇಳದೆ ಅವರ ಪುಟ್ಟ ಗಂಟನ್ನು ಬಿಚ್ಚುವುದು ತಪ್ಪು. ಇದನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಗಂಟಿನ ಮಾತು ಬಂತೆಂದು ಹೇಳುತ್ತೇನೆ, ಕಸುಬಿಗೆ ಇಳಿಯುವ ಹುಡುಗರು 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಎರಡು ಮೂರು ಕಲಮುಗಳನ್ನಾದರೂ ಓದಿಕೊಳ್ಳಬೇಕು. ನೌಕರಿಯಲ್ಲಿದ್ದು ನೌಕರಿಗಾಗಿ ಬರೆದದ್ದರ ಮೊದಲ ಒಡೆತನ, ಕರಾರು ಬೇರೆ ಹೇಳದಿದ್ದರೆ, ಮಾಲೀಕರದು. ಸ್ವತಂತ್ರವಾಗಿ ಬರೆದು ಹಕ್ಕು ಬಿಟ್ಟುಕೊಡುವುದಾದರೆ ಅದು ಬರವಣಿಗೆಯಲ್ಲಿರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 19ನೇ ಕಲಮಿನ ಪ್ರಕಾರ 5 ವರ್ಷ ಎಂದೇ ಅರ್ಥ. ಯಾವ ನಾಡಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇನ್ನು 57ನೇ ಕಲಂ ಎಷ್ಟು ಚೆಂದ ನೋಡಿ: ಹಕ್ಕು ಮಾರಿದ ಮೇಲೂ "ಇದನ್ನು ಬರೆದವಳು ನಾನು" ಎಂದು ಹೇಳಿಕೊಳ್ಳುವ ಹಕ್ಕು ಬರೆದವಳದೇ, ಅವಳ ಗೌರವಕ್ಕೆ ಕುಂದು ಬರುವಂತೆ ಚಿತ್ರವನ್ನು ಕೆಡಿಸಿದರೆ ಪ್ರಶ್ನಿಸುವ ಹಕ್ಕೂ ಅವಳದೇ. ಇಂಥ ಮಾತುಗಳನ್ನು ಹೊಸಬರಿಗೆ ಹೇಳಬೇಕಾದವರು ಯಾರು? ಜಗಲಿ ಇಳಿದು ಪೇಟೆ ನೋಡಿ ಬಂದವರೇ. ಹೋದವರು ಆಗಾಗ ಬರಬೇಕು ಎಂದು ನಾನು ಆಸೆಪಡುವುದು ಇದಕ್ಕಾಗಿ. ಹೊಗಳಿ ಹೋಗಲು ಬರಬೇಕಾಗಿಲ್ಲ. ಹದಿನೈದರ ಹುಡುಗನ ಚಿತ್ರದ ಕೆಳಗೆ, ಹೆಬ್ಬೆರಳು ಅಂಗೈಗೆ ಎಲ್ಲಿ ಸೇರುತ್ತದೆಂದು ಎರಡು ಸಾಲು ಬರೆದು ಹೋದರೆ ಸಾಕು. ಮಲೆನಾಡಿನ ಆ ಹುಡುಗಿ ಈಗ ಹಾಗೇ ಮಾಡುತ್ತಿದ್ದಾಳೆ. ಚಿತ್ರ ಹಾಕುವುದಿಲ್ಲ, ಚಿತ್ರ ತಿದ್ದುತ್ತಾಳೆ.

ಹೋಗುವವರ ಬಗ್ಗೆಯೇ ಇಷ್ಟು ಹೊತ್ತು ಮಾತಾಡಿದೆವು. ಹೋಗದೆಯೂ ಬೆಳೆಯಬಹುದಲ್ಲ? ಪ್ಯಾರಿಸ್ಸಿನ ಆ 8 ಪ್ರದರ್ಶನಗಳಲ್ಲಿ ಎಂಟಕ್ಕೆ ಎಂಟರಲ್ಲೂ ಇದ್ದವನು ಪಿಸ್ಸಾರೊ ಒಬ್ಬನೇ. ಕೊನೆಯದು ನಡೆದ 1886ರಲ್ಲಿ ಅವನಿಗೆ 55 ವರ್ಷ. ಬಿಳಿ ಗಡ್ಡ, ದೊಡ್ಡ ಸಂಸಾರ, ಬಿಡದ ಬಡತನ. ಆಗ ಸ್ಯೂರಾ ಎಂಬ 26ರ ತರುಣ ಚುಕ್ಕಿ ಚುಕ್ಕಿಯಾಗಿ ಬಣ್ಣ ಇಡುವ ಹೊಸ ವಿಧಾನ ಹಿಡಿದು ಬಂದ. ಹಳಬರು ಗೊಣಗಿದರು. ಪಿಸ್ಸಾರೊ ಆ ತರುಣರ ಪರ ನಿಂತು ಒಳಗೆ ಕರೆತಂದ. ಅಷ್ಟೇ ಅಲ್ಲ, ತಾನೂ ಕೂತು ಚುಕ್ಕಿ ಇಡುವುದನ್ನು ಕಲಿತ! ಕೆಲವು ವರ್ಷ ಹಾಗೆ ಬರೆದು, ತನ್ನ ಕೈಗೆ ಅದು ಒಗ್ಗದೆಂದು ಕಂಡಾಗ ಅದನ್ನೂ ಬಿಟ್ಟು ಮುಂದೆ ಹೋದ. ಎದ್ದುಹೋಗದೆ, ಇದ್ದಲ್ಲೇ ಇದ್ದು, ತನ್ನನ್ನೇ ಮೀರಿ ಬೆಳೆದವನು ಅವನು.

ಅವನ ಜೊತೆ ಹೊಲಗದ್ದೆಗಳಲ್ಲಿ ಪಕ್ಕಪಕ್ಕ ಕೂತು ಬರೆದು, ಆಮೇಲೆ ಬಳಗವನ್ನು ಬಿಟ್ಟು ತನ್ನೂರಿಗೆ ಹೋಗಿ, ಅಲ್ಲಿಯ ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಬರೆದು ಜಗತ್ತಿನ ಚಿತ್ರಕಲೆಯನ್ನೇ ತಿರುಗಿಸಿದ ಸೆಜಾನ್, 1906ರಲ್ಲಿ, ತನ್ನ ಸಾವಿನ ವರ್ಷ, ಊರಿನ ಪ್ರದರ್ಶನದ ಪಟ್ಟಿಯಲ್ಲಿ ಹೆಸರಿನ ಮುಂದೆ ಏನೆಂದು ಹಾಕಿಸಿದ ಗೊತ್ತೇ? ಪಿಸ್ಸಾರೊನ ಶಿಷ್ಯ ಎಂದು. ಪಿಸ್ಸಾರೊ ತೀರಿಕೊಂಡು ಆಗಲೇ 3 ವರ್ಷ. ಹಾಗೆ ಬರೆಸೆಂದು ಸೆಜಾನನನ್ನು ಕೇಳಿದವರಿರಲಿಲ್ಲ, ಅದರಿಂದ ಅವನಿಗೆ ಬರುವ ಲಾಭವೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಚಿತ್ರ ಬರೆಯುವವರು ಇದ್ದಾರೆಯೇ? ಇದ್ದರೆ ಯಾವುದಾದರೂ ಜಗಲಿ ಹುಡುಕಿಕೊಳ್ಳಲಿ, ಊರಿನದಾದರೂ ಸರಿ, ಫೋನಿನೊಳಗಿನದಾದರೂ ಸರಿ. ಹೊಗಳಿಸಿಕೊಳ್ಳಲಿ, ಹೊಗಳಲಿ. ಮುಂದೆ ಒಂದು ದಿನ ಅಲ್ಲಿ ಕೂರಲು ಮನಸ್ಸಾಗದಿದ್ದರೆ ಗಾಬರಿಯಾಗದೆ ಎದ್ದು ಕೆಲಸ ಹುಡುಕಿಕೊಂಡು ಹೋಗಲಿ. ಯಾರ ಜೊತೆ ಕೂತು ಕಲಿತೆನೆಂದು ಕೇಳಿದಾಗ ಆ ಗೆಳೆಯರ ಹೆಸರುಗಳನ್ನು ಸಂತೋಷದಿಂದ ಹೇಳಿದರೆ ಆಯಿತು.